ಮೂಳೆ ಎಂಬ ಅಕ್ಷರ

ಮಸಿ ಹೆಪ್ಪುಗಟ್ಟಿತ್ತು. ಬಕೆಟ್ಟಿಗೆ ಹಳೆಯ ಕಂಬಳಿ ಹೊದಿಸಿಟ್ಟಿದ್ದರೂ ಫೆಬ್ರವರಿಯ ಚಳಿ ಒಳಗಿಳಿದು, ಮಸಿಯಲ್ಲಿದ್ದ ಅಂಟನ್ನು ಹಿಡಿದು, ನಿನ್ನೆ ಎಣ್ಣೆಯ ಹಾಗೆ ಹರಿಯುತ್ತಿದ್ದದ್ದನ್ನು ಮೊಸರು ಮಾಡಿಬಿಟ್ಟಿತ್ತು. ಕಿನುಯೆ ಬಕೆಟ್ಟನ್ನು ಇದ್ದಿಲ ಒಲೆಯ ಪಕ್ಕಕ್ಕೆ ಎಳೆದು, ಬಿದಿರ ಕೋಲಿನಿಂದ ಕದಡುತ್ತ ಕುಕ್ಕರಗಾಲಲ್ಲಿ ಕೂತಳು. ಚರ್ಮ ಬೇಯಿಸಿದ ಅಂಟಿನ ನಾತ ನಲವತ್ತು ವರ್ಷದಿಂದ ಅವಳ ಮೂಗಿಗೆ ಒಗ್ಗಿತ್ತು; ಇವತ್ತು ಮಾತ್ರ ಮುಖ ತಿರುಗಿಸಿಕೊಂಡು ಕದಡಿದಳು. ಮಧ್ಯಾಹ್ನ ಎರಡಕ್ಕೆ ಅಮೆರಿಕದವನು ಬರುತ್ತಾನೆ. ಅವನೊಂದಿಗೆ ಅವಳ ಗುರು ಸೊನೊಬೆ ಮೇಷ್ಟ್ರು, ಮೇಷ್ಟ್ರ ಹಿಂದೆ ದುಭಾಷಿಯಾಗಿ ವಿಶ್ವವಿದ್ಯಾಲಯದ ಇಂಗ್ಲಿಷ್ ಉಪನ್ಯಾಸಕ ಅರಿಮುರಾ. ಮೂವರೂ ಈ ಕೋಣೆಯಲ್ಲಿ ಕೂತು ಅವಳ ಬರಹವನ್ನು ಹೊಗಳುತ್ತಾರೆ. ಹೊಗಳಿ ಮುಗಿದ ಮೇಲೆ ಅವಳು ಒಂದು ಒಪ್ಪಿಗೆಯ ಕಾಗದಕ್ಕೆ ಸಹಿಯಂತೆ ತನ್ನ ಹೆಸರಿನ ಮುದ್ರೆ ಒತ್ತಬೇಕು. ಒತ್ತಿದರೆ, ಅಮೆರಿಕದ ಪೂರ್ವ ತೀರದ ಮ್ಯೂಸಿಯಮ್ಮಿಗೆ ಪ್ರದರ್ಶನಕ್ಕೆಂದು ಹೋದ ಅವಳ ಬರಹ ಅಲ್ಲೇ ಶಾಶ್ವತವಾಗಿ ಉಳಿಯುತ್ತದೆ. ಜಪಾನಿನ ಕುಂಚಬರಹಗಾರ್ತಿಯೊಬ್ಬಳ ಕೈಕೆಲಸ, ಅಲ್ಲಿನ ದೊಡ್ಡ ಚಿತ್ರಕಾರರ ಪಕ್ಕದಲ್ಲಿ, ಅದೇ ಗೋಡೆಯ ಮೇಲೆ. ತಲೆಕೆಳಗಾಗಿ.

ಇದು ಅವಳಿಗೆ ಗೊತ್ತಾಗಿ ಮೂರು ತಿಂಗಳಾಗಿತ್ತು. ನವೆಂಬರಿನಲ್ಲಿ ಅಂಚೆಯವನು ತಂದ ಪ್ರದರ್ಶನದ ಪುಸ್ತಕವನ್ನು ಇದೇ ಒಲೆಯ ಮುಂದೆ ಬಿಚ್ಚಿದ್ದಳು. ನುಣುಪು ಕಾಗದ, ಇಡೀ ಒಂದು ಪುಟ ಅವಳದೇ. ಮೊದಲ ಕ್ಷಣ ಎದೆ ಧಸಕ್ಕೆಂದದ್ದು ಸಂತೋಷಕ್ಕೆ. ಅದನ್ನು ಈಗ ನೆನೆದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಎರಡನೆಯ ಕ್ಷಣದಲ್ಲಿ ಅಕ್ಷರ ಓದಲಾಗಲಿಲ್ಲ. ಮೂಳೆ ಎಂದು ಬರೆದಿದ್ದಳು ಅವಳು, ಎರಡಾಳುದ್ದದ ಕಾಗದದ ಮೇಲೆ ಬರಿಗಾಲಲ್ಲಿ ನಿಂತು, ಕಸಪೊರಕೆಯಷ್ಟು ದಪ್ಪದ ಕುಂಚ ಹಿಡಿದು. ಮೇಲೆ ತಲೆಬುರುಡೆಯಂಥ ಚೌಕ, ಕೆಳಗೆ ಎರಡು ಕಾಲು, ಕಾಲುಗಳ ನಡುವೆ ಪಕ್ಕೆಲುಬಿನಂಥ ಎರಡು ಗೆರೆ. ಪುಸ್ತಕದಲ್ಲಿ ಕಾಲುಗಳು ಮೇಲಕ್ಕೆ ಹೋಗಿ, ಎತ್ತಿದ ಕೈಗಳಾಗಿದ್ದವು. ಕೆಳಗೆ ‘ಕೃತಿ ೭’ ಎಂದು ಹೆಸರು. ‘ಮೂಳೆ’ ಎಂಬ ಹೆಸರನ್ನು ಹಡಗಿಗೇರಿಸುವ ಮುಂಚೆಯೇ ಸೊನೊಬೆ ಮೇಷ್ಟ್ರು ತೆಗೆದುಹಾಕಿದ್ದರು. ‘ಹೆಸರು ಕೊಟ್ಟರೆ ಅವರು ಅರ್ಥ ಹುಡುಕ್ತಾ ಕೂರ್ತಾರೆ. ಅರ್ಥ ನಮಗೆ ಬಂದ ಶನಿ. ಬರೀ ಗೆರೆಯಾಗಿ ನೋಡಲಿ.’ ಮೂಲೆಯಲ್ಲೊಂದು ಕೆಂಪು ಮುದ್ರೆ ಇದ್ದಿದ್ದರೂ ಯಾವುದು ಮೇಲು ಯಾವುದು ಕೆಳಗೆ ಎಂದು ಗೊತ್ತಾಗುತ್ತಿತ್ತು; ಮುದ್ರೆ ಹಳೆಯ ಕಾಲದ್ದೆಂದು ಅದನ್ನೂ ಬಿಡಿಸಿದ್ದರು. ಪುಸ್ತಕ ತೆಗೆದುಕೊಂಡು ಅವಳು ಮೇಷ್ಟ್ರ ಮನೆಗೆ ಹೋದಾಗ ಅವರು ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು, ಮತ್ತೆ ಹಾಗೇ ತಿರುಗಿಸಿದರು. ‘ಹೀಗೂ ಚೆನ್ನಾಗೇ ಇದೆಯಲ್ಲಮ್ಮಾ’ ಎಂದರು. ಅವಳು ಎದ್ದು ಬಂದಳು. ಎದ್ದು ಬಂದವಳು ಮತ್ತೆ ಆ ಮಾತೆತ್ತಲಿಲ್ಲ. ಯಾರು ತಡೆದಿದ್ದರು? ಯಾರೂ ಇಲ್ಲ. ಅವಳು ಅಕ್ಷರ ಕಲಿಸುವ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಆ ಪುಟವನ್ನು ಗಾಜಿನ ಬೀರುವಿನಲ್ಲಿ ತೆರೆದಿಟ್ಟರು. ಹುಡುಗಿಯರು ಅವಳ ಮನೆತನದ ಹೆಸರು ಹಿಡಿದು ‘ಇಬುಕಿ ಮೇಡಂ, ಇಬುಕಿ ಮೇಡಂ’ ಎಂದು ಸುತ್ತುವರಿದರು. ಅವಳು ತಲೆ ತಗ್ಗಿಸಿ ನಕ್ಕಳು. ಮೂರು ತಿಂಗಳು ನಕ್ಕಳು.

‘ಏನೇ ಅದು, ಮಸಿ ಕುದಿಸ್ತಿದೀಯಾ ಹೇಗೆ? ಮನೆಯೆಲ್ಲ ಸತ್ತ ಎಮ್ಮೆ ವಾಸನೆ’ ಎಂದು ಅಮ್ಮ ಒಳಗಿನಿಂದ ಕೂಗಿದಳು. ಎಪ್ಪತ್ತಾದರೂ ಗಂಟಲು ಮಾತ್ರ ನಿಶಿಜಿನ್ ಎಂಬ ಆ ನೇಕಾರರ ಕೇರಿಯ ಅಷ್ಟೂ ಮಗ್ಗಗಳ ಸದ್ದನ್ನು ಮೀರಿಸುತ್ತಿತ್ತು. ‘ಬರೋವನು ಬಿಳಿಯ. ಮೂಗು ಉದ್ದ ಇರೋರಿಗೆ ವಾಸನೆ ಜಾಸ್ತಿ ಬಡಿಯುತ್ತಂತೆ.’

‘ಬಡೀಲಿ ಬಿಡಮ್ಮ.’

‘ಬಟ್ಟೆಪೆಟ್ಟಿಗೆಯಿಂದ ಆ ಬೂದು ಕಿಮೋನೊ ತೆಗೆದಿಟ್ಟಿದೀನಿ. ಉಟ್ಕೋ. ಮೇಷ್ಟ್ರು ಮೂರು ಸಲ ಹೇಳಿಕಳಿಸಿದಾರೆ.’

ನೆಲದ ಮೇಲೆ ಹಾಸಿದ ಕಾಗದದ ಮೇಲೆ ಓಡಾಡಿ ಬರೆಯುವವಳು ಕಿಮೋನೊ ಉಟ್ಟು ಹೇಗೆ ಬರೆಯುತ್ತಾಳೆ ಎಂದು ಮೇಷ್ಟ್ರಿಗೆ ಗೊತ್ತಿಲ್ಲವೆ? ಗೊತ್ತಿದೆ. ಅವಳು ಬರೆಯುವುದು ಯುದ್ಧಕಾಲದ ದೊಗಳೆ ಷರಾಯಿಯಲ್ಲಿ, ಮೊಣಕಾಲಿಗೆ ಎರಡು ಕಡೆ ತೇಪೆ ಹಾಕಿದ್ದು. ಆದರೆ ಅಮೆರಿಕದವನು ಫೋಟೊ ತೆಗೆಯುತ್ತಾನೆ, ಆ ಫೋಟೊ ಅಲ್ಲಿನ ಪತ್ರಿಕೆಯಲ್ಲಿ ಬರುತ್ತದೆ. ಆಗ ಕಿಮೋನೊ ಇರಬೇಕು. ಬರಹ ಪಶ್ಚಿಮದ್ದರ ಹಾಗೆ ಕಾಣಬೇಕು, ಬರೆದವಳು ಪೂರ್ವದವಳ ಹಾಗೆ ಕಾಣಬೇಕು. ಟೋಕಿಯೊದ ಬರಹ ಪ್ರದರ್ಶನದವರಿಗೆ ಇದರ ವಿರುದ್ಧದ್ದು ಬೇಕಿತ್ತು. ನಾಲ್ಕು ವರ್ಷದ ಹಿಂದೆ ಅವಳದನ್ನು ಅವರು ಪಾಯಿಖಾನೆಗೆ ಹೋಗುವ ಓಣಿಯಲ್ಲಿ ನೇತುಹಾಕಿದ್ದರು. ‘ಇದು ಬರಹವಲ್ಲ, ಬೆಣ್ಣೆ ನಾತ’ ಎಂದು ಪತ್ರಿಕೆಯವನೊಬ್ಬ ಬರೆದಿದ್ದ. ಪಶ್ಚಿಮದವರ ಎಂಜಲು ನೆಕ್ಕುವವರಿಗೆ ಇಲ್ಲಿ ಹಾಗನ್ನುತ್ತಾರೆ. ಜನ್ಮದಲ್ಲಿ ಬೆಣ್ಣೆ ತಿನ್ನದ ಅವಳಿಗೆ ಆವತ್ತು ರೈಲಿನಲ್ಲಿ ಬರುವಾಗ ಕೈಬೆರಳು ಮೂಸಿ ನೋಡಿಕೊಳ್ಳುವಂತಾಗಿತ್ತು. ಮಸಿಯ ಅಂಟು ಬಿಟ್ಟು ಬೇರೇನೂ ಇರಲಿಲ್ಲ.

ಅವಳಿಗೆ ಸುಂದರವಾಗಿ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಊರಿನಲ್ಲಿ ಅವಳಷ್ಟು ಚೆಂದದ ಅಕ್ಷರ ಯಾರದೂ ಇರಲಿಲ್ಲ ಎಂಬುದೇ ತಕರಾರು. ಯುದ್ಧದ ಎರಡನೆಯ ವರ್ಷ, ಸೊನೊಬೆ ಮೇಷ್ಟ್ರು ದೇಶಭಕ್ತ ಬರಹಗಾರರ ಸಂಘದ ಅಧ್ಯಕ್ಷರಾಗಿದ್ದಾಗ, ಕೇರಿಯಿಂದ ಸೈನ್ಯಕ್ಕೆ ಹೊರಟ ಪ್ರತಿ ಹುಡುಗನ ಹೆಸರಿನ ಪತಾಕೆಯನ್ನು ಬರೆದದ್ದು ಕಿನುಯೆ. ನೇಕಾರರ ಮಗ, ತೋಫು ಮಾರುವವನ ಮಗ, ಅಂಚೆಯವನ ಅಳಿಯ. ಬಿಳಿ ಬಟ್ಟೆ, ಎಂಟಡಿ ಉದ್ದ, ಮೇಲಿಂದ ಕೆಳಕ್ಕೆ ‘ಶುಭಪ್ರಯಾಣ’ ಎಂದು, ಅದರ ಕೆಳಗೆ ಹೆಸರು. ಪುರಸಭೆಯ ಮುಂದೆ ಕಟ್ಟಲು ‘ಏಷ್ಯಾ ಒಂದೇ ಮನೆ’ ಎಂದು ಬರೆಸಿದ್ದರು ಮೇಷ್ಟ್ರು. ‘ಮನೆ’ ಎಂಬ ಅಕ್ಷರದ ಸೂರನ್ನು ಎಷ್ಟು ಚೆಂದ ಇಳಿಸಿದ್ದಳೆಂದರೆ ಜನ ನಿಂತು ನೋಡುತ್ತಿದ್ದರು. ಆ ಮನೆಯ ಹೆಸರಲ್ಲಿ ಬೆಂಕಿ ಹಿಡಿದು ಹೋದವರು ಯಾರು, ಯಾರ ಮನೆಗೆ ಇಟ್ಟರು, ಎಂದೆಲ್ಲ ಅವಳು ಆಗ ಕೇಳಿಕೊಳ್ಳಲಿಲ್ಲ. ಗೆರೆ ಸರಿಯಾಗಿ ಬಂತೇ ಎಂದಷ್ಟೇ ನೋಡಿದಳು. ಮಿನೊರು ಹೊರಟಾಗ ಅವನದನ್ನೂ ಅವಳೇ ಬರೆದಳು. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅಪ್ಪ ಸತ್ತ ಮೇಲೆ ಅವಳೇ ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮ. ಸ್ಟೇಷನ್ನಿನಲ್ಲಿ ಪತಾಕೆಯನ್ನು ತಲೆಯೆತ್ತಿ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿ, ‘ಈ ಅಕ್ಷರ ನೋಡಿದವರು ನನ್ನನ್ನ ದೊಡ್ಡ ವೀರ ಅನ್ಕೋತಾರೆ. ನಾನು ಅಷ್ಟೆಲ್ಲ ಇಲ್ಲ ಕಣಕ್ಕಾ’ ಎಂದಿದ್ದ. ಬ್ಯಾಂಡು ಬಾರಿಸುತ್ತಿತ್ತು. ಅವಳು ಕೇಳಿಸಲಿಲ್ಲವೆಂಬಂತೆ ಅವನ ಕಾಲರು ಸರಿಪಡಿಸಿದ್ದಳು. ಬರ್ಮಾದಿಂದ ಅವನ ಪೆಟ್ಟಿಗೆ ಬಂದದ್ದು ಯುದ್ಧ ಮುಗಿದು ಎರಡು ವರ್ಷಕ್ಕೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಮರದ ಪೆಟ್ಟಿಗೆ, ಪುರಸಭೆಯ ಸಾಲಿನಲ್ಲಿ ನಿಂತು ಅಮ್ಮ ಸಹಿ ಹಾಕಿ ಈಸಿಕೊಂಡದ್ದು. ಅಸ್ಥಿ ಎಂದರು. ಮನೆಗೆ ಬಂದು ಬಿಚ್ಚಿದರೆ ಒಂದು ಚೀಟಿ. ಚೀಟಿಯಲ್ಲಿ ಯಾವನೋ ಗುಮಾಸ್ತ ಬರೆದ ಹೆಸರು. ಆ ಹೆಸರಿನಲ್ಲೂ ಒಂದು ಗೆರೆ ಬಿಟ್ಟುಹೋಗಿತ್ತು.

ಆಮೇಲೆ ಏಳು ವರ್ಷ ಅವಳು ಶಾಲೆಯಲ್ಲಿ ಹುಡುಗಿಯರ ಅಕ್ಷರ ತಿದ್ದಿದ್ದು ಬಿಟ್ಟರೆ ಕುಂಚ ಹಿಡಿಯಲಿಲ್ಲ. ಹಿಡಿದ ದಿನ ಬರೆದದ್ದು ಈ ಒಂದಕ್ಷರ. ಅದು ಚೆಂದವಾಗಬಾರದೆಂದು ಕುಂಚವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಬರೆದಳು. ಮಸಿ ಸಿಡಿಯಿತು, ಕಾಗದ ಒಂದು ಕಡೆ ಹರಿಯಿತು, ಬಲಗಾಲಿನ ಗೆರೆ ನಡುವೆ ಒಣಗಿ ಸೀಳಿಹೋಯಿತು. ಬರೆದು ಮುಗಿಸಿ ಅದರ ಪಕ್ಕದಲ್ಲೇ ಮಲಗಿದಳು. ಸತ್ತ ತಮ್ಮನನ್ನು ಕಳಿಸಿಕೊಡಲು ಒಂದಾದರೂ ಮೂಳೆ ಸಿಕ್ಕಿತ್ತು ಕೊನೆಗೆ, ಅದು ತಾನು ಮಾಡಿದ್ದಾದರೂ ಸರಿ, ಎಂದುಕೊಂಡಿದ್ದಳು. ಎಲ್ಲಿಗೆ ಕಳಿಸಲು ಎಂದು ಮಾತ್ರ ತಿಳಿದಿರಲಿಲ್ಲ.

ಎರಡಕ್ಕೆ ಸರಿಯಾಗಿ, ಕಿನುಯೆ ಆ ಕಿಮೋನೊ ಉಟ್ಟು ಕೂತಿದ್ದಾಗ, ಬಂದರು. ಬಾಗಿಲಲ್ಲಿ ಅಮೆರಿಕದವನು ಬಿಚ್ಚಿಟ್ಟ ಬೂಟುಗಳು ಎರಡು ದೋಣಿಗಳ ಹಾಗಿದ್ದವು. ವಿಟ್ಲಾಕ್ ಎಂದು ಹೆಸರು, ಐವತ್ತರ ಆಸುಪಾಸು, ಕೊರಳಲ್ಲಿ ಕ್ಯಾಮರಾ. ಚಾಪೆಯ ಮೇಲೆ ಮಂಡಿಯೂರಿ ಕೂರಲು ಹೋಗಿ, ಆಗದೆ, ಒಂದು ಕಾಲು ಚಾಚಿ, ಅದಕ್ಕೆ ನಾಚಿಕೊಂಡು ನಕ್ಕ. ಅವನು ಸೊಕ್ಕಿನವನಾಗಿದ್ದರೆ ಕಿನುಯೆಗೆ ಸುಲಭವಾಗುತ್ತಿತ್ತು. ಅವನ ಕಣ್ಣಲ್ಲಿ ನಿಜವಾದ ಮರ್ಯಾದೆ ಇತ್ತು. ಅವಳ ಮಸಿ ಹಿಡಿದ ಉಗುರುಗಳನ್ನು ದೇವರ ಪಾದ ನೋಡುವವನಂತೆ ನೋಡುತ್ತಿದ್ದ. ಅದೇ ಅವಳಿಗೆ ಇನ್ನಷ್ಟು ಮೈ ಉರಿಸಿತು. ಅಮ್ಮ ಚಹಾ ಇಟ್ಟಳು, ಹೂರಣದ ಮಿಠಾಯಿ ಇಟ್ಟಳು. ವಿಟ್ಲಾಕ್ ಪುಸ್ತಕ ತೆರೆದು, ಅವಳ ಪುಟದ ಮೇಲೆ ಅಂಗೈಯಿಟ್ಟು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದ.

ಅರಿಮುರಾ ಗಂಟಲು ಸರಿಪಡಿಸಿಕೊಂಡ. ‘ಅವರು ಹೇಳ್ತಿದಾರೆ, ಇಡೀ ಪ್ರದರ್ಶನದಲ್ಲಿ ಇದರ ಮುಂದೆ ಜನ ಹೆಚ್ಚು ಹೊತ್ತು ನಿಂತರಂತೆ. ಕೈಯೆತ್ತಿ ಕುಣೀತಿರೋ ಒಂದು ಜೀವದ ಹಾಗೆ ಕಾಣುತ್ತಂತೆ. ಇಷ್ಟು ದೊಡ್ಡ ಯುದ್ಧ ಸೋತ ದೇಶದಿಂದ ಇಷ್ಟೊಂದು ಆನಂದ ಹೇಗೆ ಬಂತು ಅಂತ ಅವರಿಗೆ ಆಶ್ಚರ್ಯವಂತೆ.’

ಸೊನೊಬೆ ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ‘ಪೂರ್ವಕ್ಕೂ ಪಶ್ಚಿಮಕ್ಕೂ ನಾವು ಸೇತುವೆ ಅಂತ ಹೇಳಪ್ಪ.’

ಆನಂದ. ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆ ಕಿನುಯೆ ತನ್ನ ಮುಂದಿನ ಚಹಾವನ್ನು ಪಕ್ಕಕ್ಕೆ ಸರಿಸಿದಳು. ಮೂರು ತಿಂಗಳು ನಕ್ಕ ಬಾಯಿಂದಲೇ ಮಾತು ಹೊರಬಿತ್ತು. ‘ಅದು ತಲೆಕೆಳಗಾಗಿದೆ ಅಂತ ಹೇಳಿ.’

ಮೇಷ್ಟ್ರು ಕಣ್ಣು ಬಿಟ್ಟರು. ಅರಿಮುರಾ ಒಮ್ಮೆ ಅವರ ಮುಖ ನೋಡಿ, ವಿಟ್ಲಾಕನ ಕಡೆ ತಿರುಗಿ, ಒಂದು ಉದ್ದನೆಯ ವಾಕ್ಯ ಹೇಳಿದ. ವಿಟ್ಲಾಕನ ಮುಖ ಅರಳಿತು. ಜೇಬಿಂದ ಪುಟ್ಟ ಪುಸ್ತಕ ತೆಗೆದು ಗೀಚಿಕೊಂಡ.

‘ಏನು ಹೇಳಿದ್ರಿ?’

‘ಅಂದರೆ, ನಿಮ್ಮ ಕಲೆ ಮೇಲು-ಕೆಳಗು ಅನ್ನೋ ಭೇದವನ್ನೇ ದಾಟಿದ್ದು ಅಂತ...’

‘ನಾನು ಹಾಗಂದೆನಾ?’

‘ಅದೇ ಅರ್ಥ ಬರೋ ಹಾಗೆ, ಸ್ವಲ್ಪ...’

ಕಿನುಯೆ ವಿಟ್ಲಾಕನ ಮುಂದಿದ್ದ ಪುಸ್ತಕವನ್ನು ಕಿತ್ತುಕೊಂಡು, ತಿರುಗಿಸಿ, ಅವನ ಮುಂದೆ ಚಾಪೆಗೆ ಅಪ್ಪಳಿಸಿದಳು. ಚಹಾ ತುಳುಕಿತು. ಅವನು ಬೆಚ್ಚಿಬಿದ್ದ; ಆಮೇಲೆ ನಿಧಾನವಾಗಿ ನಕ್ಕ. ಕತ್ತು ಓರೆ ಮಾಡಿ ನೋಡಿದ, ಮತ್ತೊಂದು ಕಡೆ ಓರೆ ಮಾಡಿ ನೋಡಿದ, ಕೈ ಜೋಡಿಸಿ ನಮಸ್ಕರಿಸಿದ. ಅರಿಮುರಾ ಅವನ ಮಾತನ್ನು ಹೇಳಲೇಬೇಕಾಗಿರಲಿಲ್ಲ. ಬೌದ್ಧ ಮಠದಲ್ಲಿ ಗುರು ಶಿಷ್ಯನಿಗೆ ಹೊಡೆದು ಕಲಿಸುವ ಕಥೆಗಳನ್ನು ಎಲ್ಲೋ ಓದಿದ್ದನೆಂದು ಕಾಣುತ್ತದೆ, ತನಗೂ ಒಂದು ಪಾಠ ಸಿಕ್ಕಿತೆಂದು ಧನ್ಯನಾಗಿದ್ದ. ಸಿಟ್ಟು ಮಾಡಿದರೆ ಅದೂ ಕಲೆಯಾಗುತ್ತಿತ್ತು. ಕಿನುಯೆ ಎದ್ದಳು. ಗೋಡೆಗೊರಗಿಸಿದ್ದ ಕಾಗದದ ಸುರುಳಿಯನ್ನು ಕಾಲಿಂದ ಒದ್ದು ನೆಲದ ಮೇಲೆ ಬಿಚ್ಚಿದಳು. ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದರೆ ಬೂದು ಕಿಮೋನೊದ ಮಡಿಲಿಗೆಲ್ಲ ಮಸಿ ಸುರಿಯಿತು. ‘ಅಯ್ಯೋ ಅಮ್ಮನ ರೇಷ್ಮೆ’ ಎಂದು ಮನಸ್ಸಿನ ಒಂದು ಮೂಲೆ ಕೂಗಿದ್ದು ಅವಳಿಗೇ ಕೇಳಿಸಿತು. ಬರೆದಳು. ಚೌಕ, ಸೂರು, ಎರಡು ಕಾಲು, ಪಕ್ಕೆಲುಬು. ಬಿಕ್ಕುವ ಹಾಗೆ ಬರೆದಳು. ಪ್ರತಿ ಗೆರೆಗೂ ಹಿಂದಿನಿಂದ ಕ್ಯಾಮರಾ ಚಕ್ ಎನ್ನುತ್ತಿತ್ತು. ಮುಗಿಸಿ ತಿರುಗಿದಾಗ ವಿಟ್ಲಾಕ್ ಒಂದು ಕಾಲು ಚಾಚಿಕೊಂಡೇ ಇನ್ನೊಂದು ಮಂಡಿಯ ಮೇಲೆ ಅರ್ಧ ಎದ್ದಿದ್ದ, ಅವನ ಕಣ್ಣಲ್ಲಿ ನೀರಿತ್ತು, ಮತ್ತು ಆ ನೀರಿಗೂ ಮಿನೊರುಗೂ ಯಾವ ಸಂಬಂಧವೂ ಇರಲಿಲ್ಲ.

‘ಸಾಕಮ್ಮಾ. ಚೆನ್ನಾಗಿತ್ತು. ಕೂತ್ಕೋ. ಕಾಗದಕ್ಕೆ ಮುದ್ರೆ ಒತ್ತಿಬಿಡು’ ಎಂದರು ಮೇಷ್ಟ್ರು, ಮೆಲ್ಲಗೆ, ಹುಚ್ಚು ಹಿಡಿದವರನ್ನು ರಮಿಸುವ ದನಿಯಲ್ಲಿ.

ಅವಳು ಕೂರಲಿಲ್ಲ. ಮಸಿ ಸುರಿಯುವ ಕೈಯನ್ನು ಚಾಚಿ ವಿಟ್ಲಾಕನ ಮಣಿಕಟ್ಟು ಹಿಡಿದಳು. ಪರಗಂಡಸನ್ನು, ಅದೂ ಅತಿಥಿಯನ್ನು, ಈ ಊರಲ್ಲಿ ಯಾರೂ ಹಾಗೆ ಮುಟ್ಟುವುದಿಲ್ಲ. ಅರಿಮುರಾ ‘ಇಬುಕಿ ಮೇಡಂ’ ಎಂದು ಕುಸಿದ ದನಿಯಲ್ಲಿ ಅಂದ. ಬಿಳಿ ತೋಳಿನ ಮೇಲೆ ಅವಳ ಐದು ಬೆರಳೂ ಮೂಡಿದವು. ಮಣಿಕಟ್ಟಿನ ಹೊರಬದಿಗೆ ಉಬ್ಬಿದ ಗುಬುಟನ್ನು ಹೆಬ್ಬೆರಳಿಂದ ಒತ್ತಿದಳು, ನೋಯುವಷ್ಟು. ಒತ್ತಿ, ನೆಲದ ಮೇಲಿನ ಅಕ್ಷರ ತೋರಿಸಿದಳು. ಮತ್ತೆ ಒತ್ತಿದಳು. ‘ಹೋನೆ’ ಎಂದಳು; ಮೂಳೆಗೆ ಅವರ ಮಾತಿನಲ್ಲಿ ಅದೇ ಹೆಸರು. ಚಾಚಿಕೊಂಡಿದ್ದ ಅವನ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಗೆಣ್ಣಿನಿಂದ ಬಾಗಿಲು ತಟ್ಟುವಂತೆ ತಟ್ಟಿದಳು. ‘ಹೋನೆ. ಹೋನೆ.’

ವಿಟ್ಲಾಕ್ ನೋಯುತ್ತಿದ್ದ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ನೆಲದ ಮೇಲಿನ ಅಕ್ಷರ ನೋಡಿದ. ‘ಬೋನ್?’ ಎಂದ.

ಅರಿಮುರಾ ಮೇಷ್ಟ್ರ ಕಡೆ ನೋಡದೆ ಹೌದೆಂದು ತಲೆಯಾಡಿಸಿದ.

ವಿಟ್ಲಾಕ್ ಪುಸ್ತಕ ಎತ್ತಿಕೊಂಡು ನೆಲದ ಅಕ್ಷರದ ಪಕ್ಕ ಹಿಡಿದು, ತಿರುಗಿಸಿದ. ಈ ಸಲ ನಗಲಿಲ್ಲ. ಕನ್ನಡಕ ತೆಗೆದ. ಏನೋ ಕೇಳಿದ.

‘ಯಾರ ಮೂಳೆ ಅಂತ ಕೇಳ್ತಿದಾರೆ’ ಎಂದ ಅರಿಮುರಾ. ಅವನ ದನಿ ಈಗ ಚಪ್ಪಟೆಯಾಗಿತ್ತು, ಮೇಲೇನೂ ಹಚ್ಚಿರಲಿಲ್ಲ.

‘ಬರಲಿಲ್ಲ ಅಂತ ಹೇಳಿ. ನನ್ನ ತಮ್ಮನದು. ಬರ್ಮಾದಿಂದ ಪೆಟ್ಟಿಗೆ ಬಂತು, ಮೂಳೆ ಬರಲಿಲ್ಲ. ಅಷ್ಟೇ ಹೇಳಿ.’

ಅಷ್ಟೇ ಹೇಳಿದ. ಅಮೆರಿಕದವನು ತಲೆ ತಗ್ಗಿಸಿದ. ತಾನು ಹೋದ ದಿನವೇ ಸ್ವಂತ ಕೈಯಿಂದ ಸರಿಯಾಗಿ ನೇತುಹಾಕುತ್ತೇನೆಂದ. ಹಾಗೆ ಹಾಕಿ ನನಗೆ ಬರೆಯಲಿ, ಆಮೇಲೆ ಮುದ್ರೆ, ಎಂದಳು ಕಿನುಯೆ. ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಅಮ್ಮ ಬಂದು, ಹಾಳಾದ ರೇಷ್ಮೆಯನ್ನು ಒಮ್ಮೆ ಕಣ್ಣಲ್ಲೇ ಅಳೆದು, ಬಟ್ಟೆಗೆ ಕೈ ಒರೆಸಿಕೊಳ್ಳುವವರ ಸಮಾಧಾನದಲ್ಲಿ, ‘ಹೊತ್ತಾಯ್ತು, ಚಹಾ ಸುರಿದ ಅನ್ನ ಒಂದು ತುತ್ತು ತಿಂದು ಹೋಗ್ತೀರಾ?’ ಎಂದಳು. ಈ ಊರಿನಲ್ಲಿ ಅದಕ್ಕೆ ಎದ್ದು ಹೊರಡಿ ಎಂದರ್ಥ. ಮೇಷ್ಟ್ರು ತಟ್ಟನೆ ಎದ್ದರು. ವಿಟ್ಲಾಕ್ ಮಾತ್ರ ಅರಿಮುರಾನಿಂದ ಬರೀ ಪದಗಳ ಅರ್ಥ ಕೇಳಿಕೊಂಡು, ಕೃತಜ್ಞತೆಯಿಂದ ಕೂತೇ ಬಿಟ್ಟ. ಅಮ್ಮ ನಿರ್ವಾಹವಿಲ್ಲದೆ ಅನ್ನ ಬಡಿಸಿದಳು. ಉಪ್ಪಿನಲ್ಲಿ ಹಾಕಿದ ಗಡ್ಡೆಯನ್ನು ಕಡಿಯುತ್ತ, ತೋಳಿನ ಮೇಲೆ ಐದು ಕಪ್ಪು ಬೆರಳಿಟ್ಟುಕೊಂಡು, ಅವನು ಬಟ್ಟಲು ಖಾಲಿಯಾಗುವವರೆಗೂ ತಲೆಯೆತ್ತದೆ ಉಂಡ.

ಬಾಗಿಲಲ್ಲಿ ಮೇಷ್ಟ್ರು ಹಿಂದುಳಿದರು. ‘ಇಪ್ಪತ್ತು ವರ್ಷ ನೀರೆರೆದ ಗಿಡ. ಒಂದು ಮಧ್ಯಾಹ್ನದಲ್ಲಿ ಕಿತ್ತು ಬಿಸಾಕಿದೆ. ನಿನ್ನ ಮನೆಯ ಸಾವನ್ನ ಅವನ ಮಡಿಲಿಗೆ ಹಾಕೋ ಅಗತ್ಯ ಏನಿತ್ತು? ಅವರು ನಮ್ಮನ್ನ ಮೊದಲನೇ ಸಲ ಸಮಸಮಕ್ಕೆ ನೋಡ್ತಿದ್ರು.’

‘ಓದದೆ ನೋಡ್ತಿದ್ರು ಮೇಷ್ಟ್ರೇ.’

‘ಓದಿದ ಕೂಡಲೇ ನಾವು ಪರದೇಶಿಗಳು. ಅದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು.’

‘ಆವತ್ತು ಏಷ್ಯಾ ಒಂದೇ ಮನೆ ಅಂತ ಬರೆಸಿದ್ರಿ. ಇವತ್ತು ಸೇತುವೆ ಅಂತೀರಿ. ಸೇತುವೆ ಮೇಲೆ ಯಾರಾದ್ರೂ ವಾಸ ಮಾಡ್ತಾರಾ? ಎರಡೂ ಕಡೆಯವರು ತುಳ್ಕೊಂಡು ಹೋಗ್ತಾರೆ, ಅಷ್ಟೆ.’

‘ಬರೆಸಿದೆ’ ಎಂದರು ಮೇಷ್ಟ್ರು. ಮರದ ಪಾದುಕೆಯೊಳಗೆ ಕಾಲು ತೂರಿಸಲು ಹುಡುಕುತ್ತಿದ್ದ ಮುದುಕ ಒಮ್ಮೆ ನಿಂತು ಅವಳನ್ನು ನೋಡಿದರು. ‘ಬರೆದವಳು ನೀನು.’

ಅವರು ಓಣಿ ತಿರುಗುವವರೆಗೂ ನಿಂತಿದ್ದಳು. ಬಯ್ಯಲು ಎಷ್ಟೊಂದು ಮಾತು ಬಾಯಿಗೆ ಬಂದಿತ್ತು. ಒಂದೊಂದೂ ನಾಲಿಗೆಯ ತುದಿಯವರೆಗೆ ಬಂದು ಅವಳ ಕಡೆಗೇ ತಿರುಗಿಕೊಳ್ಳುತ್ತಿತ್ತು. ಒಳಗೆ ಅಮ್ಮ ಕಿಮೋನೊವನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕುತ್ತಿದ್ದಳು. ಮಸಿ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರ್ಚ್ ಕಳೆಯಿತು. ಮೇಷ್ಟ್ರ ಬರಹಗಾರರ ಸಂಘದ ಕೂಟಕ್ಕೆ ಅವಳನ್ನು ಕರೆಯುವುದು ನಿಂತಿತು. ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಅರಿಮುರಾ ಒಬ್ಬನೇ ಬಂದ, ಕೈಯಲ್ಲಿ ಲಕೋಟೆ. ವಿಟ್ಲಾಕ್ ಪತ್ರವನ್ನು ತನ್ನ ವಿಳಾಸಕ್ಕೆ ಕಳಿಸಿದ್ದನೆಂದೂ, ಮೇಷ್ಟ್ರಿಗೆ ತೋರಿಸಿಲ್ಲವೆಂದೂ ಹೇಳಿ, ಹೊಸಿಲ ಮೇಲೇ ಕೂತ. ‘ಇರೋದನ್ನ ಇದ್ದ ಹಾಗೇ ಓದ್ತೀನಿ’ ಎಂದ, ಯಾರೂ ಕೇಳದಿದ್ದರೂ. ವಿಟ್ಲಾಕ್ ಮಾತು ಉಳಿಸಿಕೊಂಡಿದ್ದ. ಏಣಿ ಹತ್ತಿ ಅವನೇ ತಿರುಗಿಸಿ ಹಾಕಿದ್ದ, ಪಕ್ಕದಲ್ಲಿ ‘ಮೂಳೆ’ ಎಂದು ಬರೆಸಿದ್ದ. ಒಂದು ವಾರ ಹಾಗಿತ್ತು. ಆಮೇಲೆ ಮ್ಯೂಸಿಯಮ್ಮಿನ ಹಿರಿಯರ ಸಭೆಯಲ್ಲಿ ಮಾತು ಬಂತು. ಇದು ಓದಲು ಬರುವ ಅಕ್ಷರ ಎಂದಾದ ಮೇಲೆ ಇದನ್ನು ಆಧುನಿಕ ಚಿತ್ರವೆಂದು ಕರೆಯುವುದು ಹೇಗೆ? ಹಾಗಾಗಿ ಅದನ್ನು ಕೆಳಗಿನ ಅಂತಸ್ತಿಗೆ, ಏಷ್ಯಾದ ಕೋಣೆಗೆ ಸಾಗಿಸಿದ್ದಾರೆ. ಒಂದು ಕಡೆ ಚೀನಾದ ಮಣ್ಣಿನ ಕುದುರೆ, ಇನ್ನೊಂದು ಕಡೆ ಸಮುರಾಯ್ ಒಬ್ಬನ ಕಬ್ಬಿಣದ ಅಂಗಿ. ತಾನು ವಾದಿಸಿದೆ, ಸೋತೆ, ನಾಚಿಕೆಯಾಗುತ್ತಿದೆ ಎಂದು ಬರೆದಿದ್ದ. ಆ ಕೋಣೆಯ ಪದ್ಧತಿಯಂತೆ ಚೀಟಿಯಲ್ಲಿ ಮಾಡಿದವರ ಹೆಸರು ಹಾಕುವುದಿಲ್ಲ: ‘ಬರಹ. ಜಪಾನ್. ಇಪ್ಪತ್ತನೆಯ ಶತಮಾನ.’ ಇದಕ್ಕೆ ಒಪ್ಪಿಗೆಯಿದ್ದರೆ ಜೊತೆಗಿಟ್ಟ ಹೊಸ ಕಾಗದಕ್ಕೆ ಮುದ್ರೆ ಒತ್ತಿ ಕಳಿಸಬೇಕು.

ಕಿನುಯೆ ಪೂರ್ತಿ ಕೇಳಿದಳು. ಮೇಷ್ಟ್ರು ಹೇಳಿದ್ದೇ ಆಗಿತ್ತು, ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ. ಅವರ ಮಾತು ನಿಜವಾಗಿದ್ದಕ್ಕೆ ಅವರ ಮೇಲೆ, ಏಣಿ ಹತ್ತಿದವನ ಒಳ್ಳೆಯತನದ ಮೇಲೆ, ಕುದುರೆಯ ಮೇಲೆ, ಕಬ್ಬಿಣದ ಅಂಗಿಯ ಮೇಲೆ. ಆ ಅಂಗಿ ತೊಟ್ಟವನಿಗೂ ಹೆಸರಿರಲಿಲ್ಲವಂತೆ! ಬರ್ಮಾದಲ್ಲಿ ಎಷ್ಟು ಜನ ಹೆಸರಿಲ್ಲದೆ ಬಿದ್ದಿದ್ದಾರೆ, ಅವಳ ಚೆಂದದ ಅಕ್ಷರ ಹೊತ್ತು ಹೋದವರು, ಅವರು ಹೋಗಿ ಕೊಂದವರು. ಹೆಸರಿಲ್ಲದಿರುವುದಕ್ಕೆ ಸಿಟ್ಟಾಗಲು ತನಗೇನು ಹಕ್ಕು ಎಂದು ಒಂದು ದನಿ ಕೇಳಿತು. ಹಕ್ಕಿಲ್ಲದಿದ್ದರೂ ಸಿಟ್ಟು ಬರುತ್ತದೆ ಎಂದು ಇನ್ನೊಂದು ಹೇಳಿತು. ‘ಏನಂತೆ?’ ಎಂದಳು ಅಮ್ಮ ಒಳಗಿನಿಂದ. ‘ಮ್ಯೂಸಿಯಮ್ಮಿನಲ್ಲಿ ಜಾಗ ಬದಲಾಯಿಸಿದಾರಂತೆ.’ ‘ಬಿಸಿಲು ಬೀಳೋ ಕಡೆ ಇಟ್ಟಿಲ್ಲ ತಾನೆ? ಮಸಿ ಮಾಸಿ ಹೋಗುತ್ತೆ’ ಎಂದಳು ಅಮ್ಮ.

‘ಉತ್ತರ ಬರೀಬೇಕು’ ಎಂದಳು ಕಿನುಯೆ.

‘ನೀವು ಹೇಳಿ, ನಾನು ಇಂಗ್ಲಿಷಿಗೆ...’

‘ನಿಮ್ಮನ್ನ ನಂಬಲ್ಲ.’

ಅರಿಮುರಾನ ಕಿವಿ ಕೆಂಪಾಯಿತು. ‘ನಂಬಬೇಡಿ’ ಎಂದ.

ಮಣೆ ತಂದಳು, ಸಣ್ಣ ಕುಂಚ ತಂದಳು. ಅವನು ಹಳೆಯ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅವಳ ಮಾತಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆದು ತೋರಿಸಿದ. ಅವಳು ಒಂದೊಂದಾಗಿ ನೋಡಿ ಬರೆದಳು. ನಲವತ್ತು ವರ್ಷ ಕುಂಚ ಹಿಡಿದ ಕೈ ಮೊದಲ ಸಲ ಶಾಲೆಗೆ ಹೋದ ಮಗುವಿನದಾಯಿತು. ಗೆರೆ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆಂದು ತಿಳಿಯದು, ಯಾವುದು ಮೊದಲು ಯಾವುದು ಆಮೇಲೆ ತಿಳಿಯದು. ಒಂದು ಅಕ್ಷರ ದಪ್ಪ, ಇನ್ನೊಂದು ಬಡಕಲು, ಒಂದು ಪಕ್ಕದ್ದರ ಮೇಲೆ ಬಿದ್ದುಕೊಂಡಿತ್ತು. ಪ್ರತಿ ಪದಕ್ಕೂ ನಿಂತು, ಇದು ಏನು, ಎಂದು ಕೇಳಿದಳು. ಇದು ‘ಅದು’. ಇದು ‘ನನ್ನ’. ‘ತಮ್ಮ ಯಾವುದು?’ ಅವನು ಬೆರಳಿಟ್ಟು ತೋರಿಸಿದ. ‘ಇಷ್ಟುದ್ದವಾ?’ ‘ಹೂಂ. ಏಳು ಅಕ್ಷರ.’ ಅದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಸಾಲು, ಅದು ನನ್ನ ತಮ್ಮ. ಎರಡನೆಯ ಸಾಲು ಚಿಕ್ಕದು, ವಾಪಸು ಕಳಿಸಿ. ಕೆಳಗೆ ತನ್ನ ಹೆಸರು, ಇಬುಕಿ ಕಿನುಯೆ, ತನ್ನ ಅಕ್ಷರದಲ್ಲೇ.

ಅರಿಮುರಾ ಹಾಳೆಯನ್ನು ಕೈಗೆತ್ತಿಕೊಂಡು ಓದಿದ. ಇಷ್ಟು ಕೊಳಕು ಅಕ್ಷರವನ್ನು ಅವನ ಒಂದನೆಯ ವರ್ಷದ ವಿದ್ಯಾರ್ಥಿಗಳೂ ಬರೆಯುತ್ತಿರಲಿಲ್ಲ. ಆದರೆ ಒಂದೂ ತಪ್ಪಿರಲಿಲ್ಲ. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಎರಡನೆಯ ಸಾಲಿನ ಮುಂದಿದ್ದ ಖಾಲಿ ಜಾಗ ತೋರಿಸಿದ.

‘ಇಲ್ಲಿ, ಕಳಿಸಿ ಅನ್ನೋದಕ್ಕೆ ಮುಂಚೆ, ಒಂದು ಪದ ಸೇರಿಸೋದು ಅವರ ರೂಢಿ. ದಯವಿಟ್ಟು ಅಂತ. ಇಲ್ಲದಿದ್ದರೆ ಅವರಿಗೆ ಸ್ವಲ್ಪ ಒರಟಾಗಿ ಕೇಳುತ್ತೆ.’

ಕಿನುಯೆ ಕುಂಚವನ್ನು ಮಸಿಯಲ್ಲಿ ಅದ್ದಿ, ತುದಿಯನ್ನು ಚೂಪು ಮಾಡಿದಳು.

‘ಎಷ್ಟು ಅಕ್ಷರ?’

‘ಆರು.’

ಅವಳು ಕುಂಚ ಕೆಳಗಿಟ್ಟಳು. ‘ಬೇಡ’ ಎಂದಳು.